ಒಂಬತ್ತಡಿ ದೂರದ ಮುಖ

ಫೆಬ್ರವರಿ 3

ಪ್ರೀತಿಯ ಪಿಟೀಲು,

ಈ ಕಾಲದಲ್ಲಿ ಅಕ್ಕನಿಂದ ಕಾಗದವೇ ಎಂದು ಹುಬ್ಬೇರಿಸಬೇಡ. ಒಂದೂಕಾಲು ವರ್ಷದಿಂದ ನನ್ನ ಒಂದು ಮೆಸೇಜಿಗೂ ನೀನು ಉತ್ತರ ಕೊಟ್ಟಿಲ್ಲ. ಲಕೋಟೆಯಾದರೆ ಒಡೆಯದೆ ಇರಲಾರೆ, ಅದು ನನಗೆ ಗೊತ್ತು. ಚಿಕ್ಕವನಿದ್ದಾಗ ಪಕ್ಕದ ಮನೆಯವರ ಕಾಗದವನ್ನೂ ಒಡೆದು ಒದೆ ತಿಂದವನು ನೀನು. ಮನೆಗೆ ಹಾಕದೆ ನಿನ್ನ ಅಂಗಡಿಯ ವಿಳಾಸಕ್ಕೇ ಹಾಕಿದ್ದೇನೆ, ಯಾಕೆಂದರೆ ಇದು ಅಂಗಡಿಯ ವಿಷಯವೇ.

ನನಗೊಂದು ಟಿವಿ ಬೇಕು. ಈಗಿರುವ ಡಬ್ಬಾ ಟಿವಿಯಲ್ಲಿ ಮನುಷ್ಯರು ಬೆರಳುದ್ದ ಕಾಣುತ್ತಾರೆ. ನನ್ನ ಕೋಣೆ ನೀನು ನೋಡಿಲ್ಲ. ಒಂದೇ ಕೋಣೆ, ಮೂಲೆಯಲ್ಲಿ ಒಲೆ. ಕುರ್ಚಿಯಿಂದ ಗೋಡೆಗೆ ಒಂಬತ್ತಡಿ. ಟೇಪು ಹಿಡಿದು ಮೂರು ಸಲ ಅಳೆದೆ. ಒಂದು ಸಲ ಎಂಟೂಮುಕ್ಕಾಲು ಬಂತು, ತಲೆಕೆಟ್ಟು ಮತ್ತೆ ಅಳೆದೆ. ಎಡಗಡೆ ಕಿಟಕಿ, ಮೂರು ಗಂಟೆಯ ಮೇಲೆ ಬಿಸಿಲು ಆ ಗೋಡೆಗೇ ಬೀಳುತ್ತದೆ. ಮೂವತ್ತೆರಡು ಇಂಚು, ನಲವತ್ತು, ನಲವತ್ತಮೂರು, ಐವತ್ತು ಅಂತೆಲ್ಲ ಹೇಳುತ್ತಾರೆ. ಯಾವುದು ತಗೊಳ್ಳಲಿ?

ಮುಖ್ಯವಾಗಿ ಇದನ್ನು ಹೇಳು. ವಾರ್ತೆ ಓದುವವಳ ಮುಖ, ಹಣೆಯಿಂದ ಗಲ್ಲದವರೆಗೆ ಬರೀ ಮುಖ, ಒಂದೊಂದರಲ್ಲಿ ಎಷ್ಟೆತ್ತರ ಬರುತ್ತದೆ? ಎದುರಿಗೆ ಕೂತ ಮನುಷ್ಯರ ಮುಖದಷ್ಟೇ ಬರಬೇಕು. ಹೆಚ್ಚೂ ಬೇಡ, ಕಡಿಮೆಯೂ ಬೇಡ.

ನಿನ್ನ ಕೆಲಸ ಖಾಯಂ ಆದದ್ದನ್ನು ಅವತ್ತು ನೀನೇ ಫೋನಿನಲ್ಲಿ ಹೇಳಿದೆಯಲ್ಲ, ಆ ಖುಷಿಗೆ ನಾನು ಏನೂ ಮಾಡಲಿಲ್ಲ. ಟಿವಿಯನ್ನಾದರೂ ನಿನ್ನ ಕೈಯಿಂದಲೇ ಕೊಳ್ಳುತ್ತೇನೆ.

ಫೋನ್ ಮಾಡಬೇಡ, ಬರೆ. ಹಲ್ಲಿನ ಕ್ಲಿನಿಕ್ಕಿನ ಕಿಟಕಿಯಲ್ಲಿ ಕೂತು ದಿನವಿಡೀ ಜನರ ಗೋಳು ಕೇಳಿ ಸಾಕಾಗಿರುತ್ತದೆ.

ನಿನ್ನ
ಅಕ್ಕ


ಫೆಬ್ರವರಿ 12

ಮಾನ್ಯ ಗ್ರಾಹಕರಿಗೆ,

ತಮ್ಮ ಪತ್ರ ತಲುಪಿತು. ತಾವು ಕೇಳಿದ ವಿವರಗಳು ಹೀಗಿವೆ.

ಒಂಬತ್ತಡಿ ದೂರಕ್ಕೆ ಮೂವತ್ತೆರಡು ಇಂಚು ಸಾಲದು. ಪರದೆಯ ಕೆಳಗೆ ಓಡುವ ಅಕ್ಷರ ಓದಲು ಕುರ್ಚಿ ಎಳೆದುಕೊಳ್ಳಬೇಕಾಗುತ್ತದೆ. ನಲವತ್ತಕ್ಕೂ ನಲವತ್ತಮೂರಕ್ಕೂ ಹೆಚ್ಚು ಅಂತರವಿಲ್ಲ, ಆದರೆ ನಲವತ್ತಮೂರರಲ್ಲಿ ಆಯ್ಕೆ ಜಾಸ್ತಿ. ಐವತ್ತು ಇಂಚು ಹಾಕಿದರೆ ತಮ್ಮ ಕೋಣೆಯಲ್ಲಿ ಟಿವಿ ಮಾತ್ರ ಇರುತ್ತದೆ. ಬಿಸಿಲು ಬೀಳುವ ಗೋಡೆಗೆ ಮಿರಿಮಿರಿ ಹೊಳೆಯುವ ಪರದೆ ಬೇಡ, ಕಿಟಕಿಯೇ ಅದರಲ್ಲಿ ಕಾಣುತ್ತದೆ. ಪಕ್ಕದಲ್ಲಿ ಕೂತವರಿಗೂ ಬಣ್ಣ ಸರಿಯಾಗಿ ಕಾಣುವಂಥ ಪ್ಯಾನೆಲ್ ಬೇರೆ ಬರುತ್ತದೆ. ತಾವು ಒಬ್ಬರೇ ನೋಡುವುದಾದ್ದರಿಂದ ಅದರ ಅಗತ್ಯ ಬೀಳದು.

ತೆಳು ಟಿವಿಗಳ ಸ್ಪೀಕರು ಕೆಳಮುಖವಾಗಿರುತ್ತದೆ, ಸದ್ದು ನೆಲಕ್ಕೆ ಹೋಗುತ್ತದೆ. ಬಂದವರೆಲ್ಲ ಮೊದಲು ಕೇಳುವುದು ಇದನ್ನೇ. ಸೌಂಡ್‌ಬಾರ್ ಜೊತೆಗೇ ಕೊಳ್ಳುವುದು ಒಳ್ಳೆಯದು.

ಮುಖದ ಅಳತೆ ನಮ್ಮ ಪಟ್ಟಿಯಲ್ಲಿ ಇರುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಹಿರಿಯ ಮಾರಾಟಗಾರ, ಟಿವಿ ವಿಭಾಗ

ವಿ.ಸೂ.: ಪಿಟೀಲು ಎಂಬ ಹೆಸರಿನವರು ಈ ಅಂಗಡಿಯಲ್ಲಿ ಯಾರೂ ಇಲ್ಲ. ದಯವಿಟ್ಟು ಲಕೋಟೆಯ ಮೇಲೆ ಹಾಗೆ ಬರೆಯಬೇಡಿ. ಕ್ಯಾಶ್ ಕೌಂಟರಿನವರೆಲ್ಲ ಓದಿದರು.


ಫೆಬ್ರವರಿ 17
(ಅಂಚೆಗೆ ಹಾಕದೆ ಡ್ರಾಯರಿನಲ್ಲಿ ಉಳಿದದ್ದು)

ತಮ್ಮಾ,

ಮಾನ್ಯ ಗ್ರಾಹಕರಂತೆ! ಓದಿ ಮೊದಲು ನಕ್ಕೆ. ಆಮೇಲೆ ಪಾತ್ರೆ ತೊಳೆಯುತ್ತ ಅತ್ತೆ. ನೀನು ಯಾಕೆ ದೂರವಾದೆ ಎಂದು ನನಗೆ ನಿಜವಾಗಿಯೂ ಗೊತ್ತಿಲ್ಲ. ಆ ಫೋನಿನ ಮೇಲೆ ಹೀಗಾಯಿತು ಎನ್ನುವುದಷ್ಟೇ ಗೊತ್ತು. ಆ ಫೋನಿನಲ್ಲಿ ನೀನೇನು ಹೇಳಿದೆಯೋ ಅದು ನನಗೆ ಕೇಳಿಸಿಯೇ ಇಲ್ಲ.

ಹೌದು ಕಣೋ, ನನಗೆ ಕಿವಿ ಕೇಳಿಸುವುದಿಲ್ಲ. ಮೂರು ವರ್ಷವಾಯಿತು. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ ಸದ್ದು ಬರುತ್ತದೆ, ಮಾತು ಬರುವುದಿಲ್ಲ. ಕಿವಿಗೆ ಹಾಕುವ ಯಂತ್ರ ತಂದೆ, ಅದು ಗಲಾಟೆಯನ್ನು ದೊಡ್ಡ ಗಲಾಟೆ ಮಾಡಿತು, ಅಷ್ಟೆ. ಅವತ್ತು ಫೋನಿನಲ್ಲಿ ನೀನು ಜೋರಾಗಿ ಮಾತಾಡುತ್ತಿದ್ದೀಯ ಎಂದು ಮಾತ್ರ ತಿಳಿಯಿತು. ಕೆಲಸ ಖಾಯಂ ಆಗುವುದನ್ನು ನೀನು ಕಾಯುತ್ತಿದ್ದೆ, ಅದೇ ಇರಬೇಕು ಅಂದುಕೊಂಡು ಏನೋ ಎರಡು ಒಳ್ಳೆ ಮಾತು ಹೇಳಿ ಇಟ್ಟುಬಿಟ್ಟೆ.

ಊಹೆಯ ಮೇಲೆಯೇ ನನ್ನ ದಿನ ನಡೆಯುತ್ತದೆ. ಕ್ಲಿನಿಕ್ಕಿಗೆ ಬಂದವರ ಹೆಸರು ತಿಳಿಯುವುದಿಲ್ಲ, ಅದಕ್ಕೆ ಚೀಟಿ ಮುಂದಿಟ್ಟು "ನೀವೇ ಬರ್ದ್ಬಿಡಿ, ಆಮೇಲೆ ತಪ್ಪಾಗ್ಬಾರ್ದು" ಎನ್ನುತ್ತೇನೆ. ಒಳಗಿಂದ ಡಾಕ್ಟರು ಕರೆದದ್ದು ತಿಳಿಯುವುದಿಲ್ಲ, ಬಾಗಿಲ ಸಂದಿಯಲ್ಲಿ ದೊಡ್ಡ ದೀಪ ಆರಿದರೆ ಮುಂದಿನವರನ್ನು ಕಳಿಸುತ್ತೇನೆ. ಮೈಯೆಲ್ಲ ಕಣ್ಣಾಗಿ ಕೂತಿರುತ್ತೇನೆ. ಡಾಕ್ಟರು ಮಾಸ್ಕ್ ಹಾಕಿಕೊಂಡೇ ಬಂದು ಏನಾದರೂ ಹೇಳಿದರೆ ಮಾತ್ರ ನನ್ನ ಕಥೆ ಮುಗಿಯಿತು.

ಅದಕ್ಕೇ ಟಿವಿ. ತುಟಿ ಓದುವುದನ್ನು ಕಲಿಯುತ್ತಿದ್ದೇನೆ. ವಾರ್ತೆಯವಳು ನೇರ ನನ್ನನ್ನೇ ನೋಡಿ ಮಾತಾಡುತ್ತಾಳೆ, ತಿರುಗಿ ನಿಲ್ಲುವುದಿಲ್ಲ, ಬಾಯಿಗೆ ಕೈ ಅಡ್ಡ ಇಡುವುದಿಲ್ಲ. ಅವಳ ಮುಖ ನಿಜವಾದ ಮುಖದಷ್ಟು ಬಂದರೆ ನನಗೆ ರೂಢಿಯಾಗುತ್ತದೆ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಕಣೋ, ತಲೆ ಕೆಡುತ್ತದೆ.

"ಇನ್ನೊಂದ್ಸಲ ಹೇಳಿ" ಎನ್ನಬಹುದಲ್ಲ ಎಂದು ನೀನು ಕೇಳಬಹುದು. ಆ ಮಾತೊಂದು ನನ್ನ ಬಾಯಿಗೆ ಬರುವುದಿಲ್ಲ. ಮೊದಲ ಸಲ ಕೇಳಿದರೆ ಜನ ಹೇಳುತ್ತಾರೆ. ಎರಡನೇ ಸಲಕ್ಕೆ ಅವರ ಮುಖ ಬೇರೆಯಾಗುತ್ತದೆ. ಅದನ್ನು ನೋಡಲಾರದೆ ಎಲ್ಲದಕ್ಕೂ "ಹೌದಾ, ಒಳ್ಳೇದಾಯ್ತು" ಎಂದುಬಿಡುತ್ತೇನೆ. ಸಾಮಾನ್ಯವಾಗಿ ಸರಿಹೋಗುತ್ತದೆ.

ಇದು ತಿಳಿದರೆ ಕ್ಲಿನಿಕ್ಕಿನ ಕಿಟಕಿ ಹೋದೀತು. ಹೋದರೆ ಇನ್ನೊಂದು ಕೆಲಸ ಹುಡುಕಿಯೇನು. ನೀನು ಹೋದರೆ ಇನ್ನೊಬ್ಬ ತಮ್ಮ ಎಲ್ಲಿ ಸಿಗುತ್ತಾನೆ? ಅಮ್ಮ ಹೋದಾಗ ನಿನಗೆ ನಾಲ್ಕು ವರ್ಷ, ನನಗೆ ಹದಿಮೂರು. ಪಿಟೀಲು ಕುಯ್ದಂತೆ ಅಳುತ್ತಿದ್ದ ನಿನ್ನನ್ನು ಸೊಂಟದ ಮೇಲಿಂದ ಇಳಿಸಿದವಳೇ ಅಲ್ಲ ನಾನು. ಅಂಥವನಿಗೆ, ನಿನ್ನ ಅಕ್ಕ ಕಿವುಡಿಯಾದಳು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಇದನ್ನು ಹಾಕುವುದಿಲ್ಲ. ನಾಳೆ ಬೇರೆ ಬರೆಯುತ್ತೇನೆ.

ಅಕ್ಕ


ಫೆಬ್ರವರಿ 20

ಸನ್ಮಾನ್ಯ ಹಿರಿಯ ಮಾರಾಟಗಾರರಿಗೆ,

ಲಕೋಟೆಯ ಮೇಲೆ ಈ ಸಲ ಪೂರ್ತಿ ಗೌರವ ಹಾಕಿದ್ದೇನೆ, ಕ್ಯಾಶ್ ಕೌಂಟರಿನವರಿಗೆ ತೋರಿಸು.

ನಿನ್ನೆ ಇಲ್ಲಿನ ಅಂಗಡಿಗೆ ಹೋಗಿ ನೋಡಿಬಂದೆ. ಗೋಡೆ ತುಂಬ ಟಿವಿ, ಎಲ್ಲದರಲ್ಲೂ ಅದೇ ಹೂವು, ಅದೇ ಗಿಳಿ. "ವಾರ್ತೆ ಹಾಕಿ" ಎಂದು ಹಟ ಹಿಡಿದೆ. ಹಾಕಿದರು. ಅಂಗಡಿಯ ಬೆಳಕಿಗೆಂದು ಬಣ್ಣ ಏರಿಸಿ ಇಟ್ಟಿರುತ್ತಾರಂತೆ, ಪಾಪ ವಾರ್ತೆಯವಳ ಮುಖ ಕಿತ್ತಳೆ ಹಣ್ಣಿನ ಹಾಗಿತ್ತು. ಒಂದು ನಲವತ್ತಮೂರರಲ್ಲಿ ಅವಳು ಬೇಗ ಮಾತಾಡಿದಾಗ ತುಟಿಯ ಅಂಚು ಕಲಸಿಹೋಗುತ್ತಿತ್ತು. ಪಕ್ಕದ್ದರಲ್ಲಿ ಹಾಗಾಗಲಿಲ್ಲ. ಯಾಕೆ? ಐವತ್ತರಲ್ಲಿ ಮುಖ ನನ್ನ ಮುಖಕ್ಕಿಂತ ದೊಡ್ಡದು, ಹೆದರಿಕೆಯಾಯಿತು. ನಾನು ಒಂಬತ್ತಡಿ ಹಿಂದೆ ಹೋಗಿ, ಮುಂದೆ ಬಂದು, ಮತ್ತೆ ಹಿಂದೆ ಹೋಗಿ ನೋಡುತ್ತಿದ್ದರೆ ಮಾರುವಾಕೆ ಬಾಯಿ ಬಿಟ್ಟುಕೊಂಡು ನಿಂತಿದ್ದಳು. ಮನೆಗೆ ಬಂದ ಮೇಲೆ ನಲವತ್ತೇ ಸಾಕೇನೋ ಅನಿಸಿತು. ಬೆಳಿಗ್ಗೆ ಎದ್ದು ಮತ್ತೆ ನಲವತ್ತಮೂರು ಅನಿಸಿತು. ನಿರ್ಧಾರಕ್ಕೇ ಬರಲಾಗುತ್ತಿಲ್ಲ, ನೀನೇ ಹೇಳು.

ಸೌಂಡ್‌ಬಾರ್ ಬೇಡ. ಸದ್ದಿನ ವಿಷಯ ಬಿಟ್ಟುಬಿಡು.

ಇನ್ನೊಂದು ಮಾತು. ಅಕ್ಕ ಅಂತ ಕೇಳುತ್ತೇನೆ, ಗ್ರಾಹಕಳಾಗಿ ಅಲ್ಲ. ಮೊದಲು ಕೆಲಸ ಗಟ್ಟಿ ಮಾಡಿಕೋ, ಆಮೇಲೆ ಮಕ್ಕಳುಮರಿ ಎಂದು ನಾನೇ ಹಿಂದೆ ಹೇಳಿದ್ದೆ. ಈಗ ಕೆಲಸ ಗಟ್ಟಿಯಾಯಿತಲ್ಲ. ನನ್ನನ್ನು ಅತ್ತೆ ಮಾಡುವುದು ಯಾವಾಗ? ಇನ್ನೊಂದು ಪಿಟೀಲು ಎತ್ತಿಕೊಳ್ಳಲು ಸೊಂಟ ಇನ್ನೂ ಗಟ್ಟಿಯಿದೆ.

ನಿನ್ನ
ಅಕ್ಕ


ಮಾರ್ಚ್ 1

ಅಕ್ಕ,

ಇನ್ನು ನಾಟಕ ಆಡಲಾರೆ. ನಿನ್ನ ಕಾಗದವನ್ನು ಅಂಗಡಿಯಲ್ಲಿ ಓದಿದೆ. ಗೋದಾಮಿಗೆ ಹೋಗಿ ಖಾಲಿ ಪೆಟ್ಟಿಗೆಗಳ ನಡುವೆ ಕೂತೆ.

ಮಕ್ಕಳು ಯಾವಾಗ ಅಂತ ನೀನು ಕೇಳುತ್ತೀಯಾ? ನೀನು? ಅವತ್ತು ಆಸ್ಪತ್ರೆಯ ಪಡಸಾಲೆಯಿಂದ ನಾನು ಮೊದಲು ಫೋನ್ ಮಾಡಿದ್ದು ನಿನಗೆ. ನನ್ನವಳ ತವರಿಗೂ ಆಮೇಲೆ ಹೇಳಿದ್ದು. ಅವಳು ಬಸುರಿ ಎಂದು ಐದು ತಿಂಗಳಾಗುವವರೆಗೆ ಯಾರಿಗೂ ಹೇಳುವುದು ಬೇಡ ಅಂದುಕೊಂಡಿದ್ದೆವು. ನಾಲ್ಕಕ್ಕೇ ಹೋಯಿತು. "ಅಕ್ಕ, ನಾವು ನಿಂಗೆ ಹೇಳೇ ಇರ್ಲಿಲ್ಲ, ಅವ್ಳು ಬಸ್ರಿ ಆಗಿದ್ಲು. ಮಗು ಹೋಯ್ತು ಅಕ್ಕ" ಅಂದೆ. ಸುತ್ತ ಜನ ಇದ್ದರು, ಕೂಗಿ ಹೇಳಿದೆ.

ನೀನು ಏನಂದೆ ನೆನಪಿದೆಯಾ? "ಹೌದಾ, ತುಂಬಾ ಒಳ್ಳೇದಾಯ್ತು ಕಣೋ, ಸಂತೋಷ" ಅಂದೆ. ನಕ್ಕೆ ಕೂಡ. ಫೋನ್ ಇಟ್ಟೆ.

ಕೆಲಸ ಗಟ್ಟಿಯಾಗುವ ಮೊದಲು ಮಗು ಬೇಡ ಎಂದವಳು ನೀನು. ಬೇಡದ್ದು ಹೋಯಿತಲ್ಲ, ಅದಕ್ಕೆ ಸಂತೋಷ ಇರಬಹುದು. ಹಾಗಂತ ಬಾಯಿಬಿಟ್ಟು ಹೇಳುತ್ತಾರೆಯೇ? ನನ್ನನ್ನು ಎತ್ತಿ ಆಡಿಸಿದ ಬಾಯಿ ಅದು. ನನ್ನವಳಿಗೆ ನಾನು ಇವತ್ತಿನವರೆಗೂ ಹೇಳಿಲ್ಲ, ಅಕ್ಕ ಫೋನ್ ಎತ್ತಲಿಲ್ಲ ಎಂದು ಸುಳ್ಳು ಹೇಳಿದ್ದೇನೆ. ಈಗ ಗಾಯದ ಮೇಲೆ ಉಪ್ಪು ಸುರಿದು ಹಾಸ್ಯ ಬೇರೆ.

ಕೆಲಸ ಖಾಯಂ ಎಂದು ನಾನು ಫೋನಿನಲ್ಲಿ ಹೇಳಿದೆನಂತೆ! ನಾನು ಹೇಳಿದ್ದು ಇದನ್ನು.

ನಲವತ್ತಮೂರು ತಗೋ. ಎಲ್ಲಿಂದಾದರೂ ತಗೋ, ಇಲ್ಲಿಂದ ಬೇಡ.

ಇಷ್ಟೇ.


ಏಪ್ರಿಲ್ 9

ಅಕ್ಕ,

ನಲವತ್ತು ದಿನವಾಯಿತು, ನಿನ್ನಿಂದ ಒಂದು ಅಕ್ಷರವಿಲ್ಲ. ಆ ಕಾಗದ ಬರೆದ ಮೇಲೆ ಎರಡು ದಿನ ಎದೆ ಹಗುರವಾಗಿತ್ತು, ಆಮೇಲೆ ಮೊದಲಿಗಿಂತ ಭಾರವಾಯಿತು. ನಿಂತಲ್ಲಿ ನಿಲ್ಲಲಾರೆ, ಕೂತಲ್ಲಿ ಕೂರಲಾರೆ. ಗಿರಾಕಿಗೆ ಐವತ್ತರ ಗುಣ ಹೇಳುತ್ತ ನಲವತ್ತರ ಬಿಲ್ ಬರೆಯುತ್ತಿದ್ದೆ.

ಇವತ್ತು ನಮ್ಮ ಅಂಗಡಿಗೆ ಗಂಡ ಹೆಂಡತಿ ಬಂದಿದ್ದರು. ಆತ ಮೂವತ್ತು ವರ್ಷ ಗಿರಣಿಯಲ್ಲಿ ಯಂತ್ರದ ಪಕ್ಕ ನಿಂತು ದುಡಿದವರು. ಹೆಂಡತಿ ಸದ್ದಿನ ಬಗ್ಗೆ ಕೇಳಿದರು, ಎಲ್ಲರೂ ಕೇಳುವ ಹಾಗೆ. ಆತ ಕೇಳಲೇ ಇಲ್ಲ, ಪರದೆಯ ಕೆಳಗಿನ ಅಕ್ಷರ ದೊಡ್ಡದು ಮಾಡಬಹುದೇ ಎಂದಷ್ಟೇ ನೋಡಿದರು. ಒಂದು ಟಿವಿ ಹಿಡಿಸಿತು. "ಸರ್, ಈ ಮಾಡೆಲ್ ಖಾಲಿ ಆಗಿದೆ, ಇನ್ನು ಬರೋದೂ ಇಲ್ಲ" ಅಂದೆ.

"ಒಳ್ಳೇದಾಯ್ತು, ತುಂಬಾ ಸಂತೋಷ!" ಎಂದು ನಗುತ್ತ ನನ್ನ ಕೈ ಕುಲುಕಿದರು.

ಆಕೆ ನನ್ನ ಕಡೆ ತಿರುಗಿ, "ಬೇಜಾರ್ ಮಾಡ್ಕೋಬೇಡಿ, ಅವ್ರಿಗೆ ಕಿವಿ ಕೇಳ್ಸಲ್ಲ. ಏನಂದ್ರೂ ಒಳ್ಳೇದಾಯ್ತು ಅಂತಾರೆ" ಅಂದರು.

ಅಕ್ಕ, ನಾನು ಆ ಗಿರಾಕಿಗಳನ್ನು ಅಲ್ಲೇ ಬಿಟ್ಟು ಗೋದಾಮಿಗೆ ಓಡಿದೆ. ನಿನ್ನ ಎರಡೂ ಕಾಗದ ಅಲ್ಲಿ ನನ್ನ ಬೀರುವಿನಲ್ಲಿದ್ದವು, ಹರಿಯಲು ಮನಸ್ಸು ಬಂದಿರಲಿಲ್ಲ. ತೆಗೆದು ಮತ್ತೆ ಓದಿದೆ. ಫೋನ್ ಮಾಡಬೇಡ, ಬರೆ. ಸದ್ದಿನ ವಿಷಯ ಬಿಟ್ಟುಬಿಡು. ತುಟಿಯ ಅಂಚು. ಅಂಗಡಿಯಿಂದ ಅಂಗಡಿಗೆ ಬದಲಾಗುತ್ತ ಹದಿನೇಳು ವರ್ಷದಿಂದ ಟಿವಿ ಮಾರುತ್ತಿದ್ದೇನೆ, ಸದ್ದು ಹೇಗಿದೆ ಎಂದು ಕೇಳದೆ ಟಿವಿ ಕೊಂಡವರನ್ನು ಕಂಡಿಲ್ಲ. ಕೆಲಸ ಖಾಯಂ ಆದದ್ದು ಆ ಫೋನಾಗಿ ಮೂರು ತಿಂಗಳಿಗೆ. ಅದನ್ನು ನಾನು ನಿನಗೆ ಹೇಳಿಯೇ ಇಲ್ಲ. ಹೇಳದ್ದನ್ನು ನೀನು ಹೇಗೆ ಕೇಳಿಸಿಕೊಂಡೆ?

ಸಂಜೆ ಟೇಪು ತಂದು ಎಲ್ಲ ಟಿವಿಯಲ್ಲೂ ವಾರ್ತೆ ಹಾಕಿ ಅಳೆದೆ. ಜೊತೆಯವರು ನಗಲಿ ಬಿಡು. ಮೂವತ್ತೆರಡರಲ್ಲಿ ಅವಳ ಮುಖ ಹದಿಮೂರು ಸೆಂಟಿಮೀಟರ್. ನಲವತ್ತರಲ್ಲಿ ಹದಿನಾರೂವರೆ. ನಲವತ್ತಮೂರರಲ್ಲಿ ಹದಿನೆಂಟು. ಐವತ್ತರಲ್ಲಿ ಇಪ್ಪತ್ತೊಂದು. ಮನೆಗೆ ಬಂದು ನನ್ನವಳ ಮುಖಕ್ಕೂ ಟೇಪು ಹಿಡಿದೆ. "ಏನ್ರೀ ಇದು, ಹುಚ್ಚಾ?" ಅಂದಳು. ಹದಿನೆಂಟು. ಆಮೇಲೆ ಅವಳಿಗೆ ಎಲ್ಲವನ್ನೂ ಹೇಳಿದೆ, ನೀನು ಅಂದ ಮಾತನ್ನೂ.

ಒಂದೇ ಪ್ರಶ್ನೆ. ಅವತ್ತು ನಿನಗೆ ಏನು ಕೇಳಿಸಿತು?

ತಮ್ಮ


ಏಪ್ರಿಲ್ 14

ನನ್ನಪ್ಪ,

ಏನೂ ಕೇಳಿಸಲಿಲ್ಲ. ಒಂದು ಅಕ್ಷರವೂ ಕೇಳಿಸಲಿಲ್ಲ.

ನಿನ್ನ ಮಾರ್ಚ್ ತಿಂಗಳ ಕಾಗದ ಬಂದ ದಿನದಿಂದ ಈ ಕೋಣೆಯಲ್ಲಿ ನಡೆದೇ ನಡೆದಿದ್ದೇನೆ. ಕುರ್ಚಿಯಿಂದ ಗೋಡೆಗೆ ಒಂಬತ್ತಡಿ, ಗೋಡೆಯಿಂದ ಕುರ್ಚಿಗೆ ಒಂಬತ್ತಡಿ. ಉತ್ತರ ಬರೆಯಲು ಏಳೆಂಟು ಸಲ ಕೂತೆ. ಕಿವಿ ಕೇಳಿಸುವುದಿಲ್ಲ ಎಂದು ಈಗ ಹೇಳಿದರೆ, ಸಿಕ್ಕಿಬಿದ್ದ ಮೇಲೆ ನೆಪ ಹುಡುಕಿದಳು ಅನ್ನುತ್ತೀಯ ಅನಿಸಿತು. ನೀನು ಅನ್ನದೆ ಇದ್ದರೂ ನಾನು ಅಂದುಕೊಳ್ಳುತ್ತಿದ್ದೆ. ಕಿವಿ ಹೋದದ್ದು ನನ್ನ ತಪ್ಪಲ್ಲ. ಕೇಳಿಸಿತು ಎಂದು ನಟಿಸಿದ್ದು ನನ್ನ ತಪ್ಪೇ. ನೀನು ಆಸ್ಪತ್ರೆಯಲ್ಲಿ ನಿಂತು ಅಳುತ್ತಿದ್ದಾಗ ನಾನು ನಕ್ಕೆನಲ್ಲೋ. ನನ್ನ ನಾಲಿಗೆಗೆ ಬರೆ ಹಾಕಬೇಕು.

ಇದರ ಜೊತೆ ಒಂದು ಹಳೆಯ ಕಾಗದ ಇಟ್ಟಿದ್ದೇನೆ, ಫೆಬ್ರವರಿ ಹದಿನೇಳರದು. ಹಾಕಲು ಧೈರ್ಯ ಬಂದಿರಲಿಲ್ಲ. ಓದು. ನಿನ್ನವಳಿಗೂ ಓದಿಸು. ಅವಳು ನನ್ನನ್ನು ಬೈದರೆ ಬೈಯಲಿ, ಬರೆದು ಬೈಯಲು ಹೇಳು, ಆಗ ಒಂದೂ ತಪ್ಪದೆ ತಿಳಿಯುತ್ತದೆ.

ಇಷ್ಟಾದರೂ ಹೊಟ್ಟೆಗೆ ಹಾಕಿಕೊಂಡು ನೀನು ಒಂದು ಸಲ ಬರುವುದಾದರೆ ಬಾ. ಕಾಗದ, ಪೆನ್ನು ಮೇಜಿನ ಮೇಲೆ ಇಟ್ಟಿರುತ್ತೇನೆ. ಹದಿನೆಂಟನೆಯ ವಯಸ್ಸಿನಿಂದ ಬೆಳೆಸಿಕೊಂಡು ಬಂದ ನಿನ್ನ ಪೊರಕೆ ಮೀಸೆ ಇದೆಯಲ್ಲ, ಅದು ಮೇಲ್ತುಟಿಯನ್ನು ಪೂರ್ತಿ ನುಂಗಿದೆ. ವಾರ್ತೆಯವಳನ್ನು ಓದಿಯೇನು, ನಿನ್ನನ್ನು ಓದಲಾರೆ.

ಅಕ್ಕ


ಏಪ್ರಿಲ್ 21

ಅಕ್ಕ,

ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಇಬ್ಬರೂ ಬರುತ್ತೇವೆ. ನಲವತ್ತಮೂರು, ಹೊಳೆಯದ ಪರದೆ, ತುಟಿ ಕಲಸದಂಥದ್ದು. ಡ್ರಿಲ್ ನಾನೇ ತರುತ್ತೇನೆ. ಪಕ್ಕದಿಂದ ನೋಡಿದರೂ ಸರಿಯಾಗಿ ಕಾಣುವ ಪ್ಯಾನೆಲ್ಲೇ ಆರಿಸಿದ್ದೇನೆ. ನಾವೂ ಆಗಾಗ ಕೂರುತ್ತೇವಲ್ಲ.

ನಿನ್ನ ಹಳೆಯ ಕಾಗದವನ್ನು ಅವಳು ಮೂರು ಸಲ ಓದಿದಳು. ಬೈಯಲಿಲ್ಲ.

ಪಿಟೀಲು


ಏಪ್ರಿಲ್ 30

ಪ್ರೀತಿಯ ಪಿಟೀಲು,

ನೀವು ಹೋಗಿ ಎರಡು ದಿನವಾಯಿತು. ನಾಳೆ ಡಾಕ್ಟರಿಗೆ ಹೇಳುತ್ತೇನೆ. ಹೇಳುತ್ತೇನೆ ಎಂದು ನಿನಗೆ ಬರೆದುಬಿಟ್ಟರೆ ತಪ್ಪಿಸಿಕೊಳ್ಳಲಾಗದು, ಅದಕ್ಕೇ ಮೊದಲು ಬರೆದೆ. ಮಾತಾಡುವಾಗ ಮಾಸ್ಕ್ ಒಂದು ಚೂರು ಇಳಿಸಿ ಎಂದು ಕೇಳಬೇಕು. ಕಿಟಕಿ ಬಿಡು ಎಂದರೆ ಬಿಡುತ್ತೇನೆ. ಅವರು ಹಾಗೆ ಅನ್ನಲಿಕ್ಕಿಲ್ಲ.

ಟಿವಿ ಚೆನ್ನಾಗಿದೆ. ಮೂರು ಗಂಟೆಯ ಬಿಸಿಲಿಗೂ ಮುಖ ಮಾಸುವುದಿಲ್ಲ. ನಿನ್ನೆ ವಾರ್ತೆಯಲ್ಲಿ ಅರ್ಧಕ್ಕಿಂತ ಹೆಚ್ಚು ತಿಳಿಯಿತು.

ಬಾಗಿಲು ತೆಗೆದಾಗ ನಿನ್ನ ಗುರುತೇ ಸಿಗಲಿಲ್ಲ. ಟಿವಿ ಪೆಟ್ಟಿಗೆ ಹೊತ್ತ ಯಾರೋ ಬೋಳು ತುಟಿಯವನು, ಮನೆ ತಪ್ಪಿ ಬಂದಿದ್ದಾನೆ ಅಂದುಕೊಂಡೆ. ಹಿಂದೆ ನಿನ್ನವಳು ನಕ್ಕಾಗಲೇ ತಿಳಿದದ್ದು. ಇಪ್ಪತ್ತು ವರ್ಷದ ಮೀಸೆ ಕಣೋ! ಕನ್ನಡಿ ಮುಂದೆ ಗಂಟೆಗಟ್ಟಲೆ ಕತ್ತರಿ ಹಿಡಿದು ನಿಲ್ಲುತ್ತಿದ್ದವನು. ಮೇಲ್ತುಟಿಯ ಮೇಲೆ ಬಿಳಿ ಪಟ್ಟಿ, ಥೇಟ್ ನಾಲ್ಕು ವರ್ಷದವನ ಮುಖ. ಅಲ್ಲೇ ಅಳು ಬಂತು, ಗೋಡೆಯ ಧೂಳು ಕಣ್ಣಿಗೆ ಬಿತ್ತು ಎಂದು ಸುಳ್ಳು ಹೇಳಿದೆ. ಆಗಿನ್ನೂ ನೀನು ಡ್ರಿಲ್ ಹೊರಗೆ ತೆಗೆದೂ ಇರಲಿಲ್ಲ.

ಟಿವಿ ಹಾಕಿ, ವಾರ್ತೆ ತೋರಿಸಿ, ಆಮೇಲೆ ನೀನೇ ಅದನ್ನು ಆರಿಸಿದೆ. ಸ್ಟೂಲು ತಂದು ಟಿವಿಯ ಕೆಳಗೆ ಕೂತೆ. ನಾನು ಕುರ್ಚಿಯಲ್ಲಿದ್ದೆ, ನಡುವೆ ಒಂಬತ್ತಡಿ. ನೀನು ನನ್ನನ್ನು ನೋಡಿದೆ, ಎದ್ದೆ, ಸ್ಟೂಲನ್ನು ಎಳೆದುಕೊಂಡು ನನ್ನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಬಂದು ಕೂತೆ. ನಿನ್ನವಳು ನನ್ನ ಕುರ್ಚಿಯ ಕೈ ಹಿಡಿದು ನಿಂತಳು. ಆಗ ನೀನು ಹೇಳಿದೆ, ನಿಧಾನವಾಗಿ, ಬೆಳಕಿಗೆ ಮುಖ ಕೊಟ್ಟು: "ಅಕ್ಕ, ಅವ್ಳು ಬಸ್ರಿ ಆಗಿದ್ಲು. ಮಗು ಹೋಯ್ತು ಅಕ್ಕ."

ಈ ಕಾಗದ ಬರೆಯುತ್ತಿರುವುದೇ ಇದನ್ನು ಒಪ್ಪಿಕೊಳ್ಳಲು. ನನಗೆ ಮೊದಲ ಸಲಕ್ಕೇ ಪೂರ್ತಿ ತಿಳಿದಿತ್ತು. ಆದರೂ "ಇನ್ನೊಂದ್ಸಲ ಹೇಳು" ಅಂದೆ. ಮೂರು ವರ್ಷದಲ್ಲಿ ಯಾರನ್ನೂ ಕೇಳದ ಮಾತು. ಅವತ್ತು ಫೋನಿನಲ್ಲಿ ನಾನು ಕೇಳಬೇಕಾಗಿದ್ದದ್ದು ಅದೊಂದೇ. ಕೇಳಿ, ನಿನ್ನ ಮುಖವನ್ನೇ ನೋಡುತ್ತ ಕೂತೆ, ಈಗ ಬೇರೆಯಾಗುತ್ತದೆ, ಈಗ ಬೇರೆಯಾಗುತ್ತದೆ ಎಂದು.

ಆಗಲಿಲ್ಲ. ನೀನು ಇನ್ನೊಂದು ಸಲ ಹೇಳಿದೆ.

ನಿನ್ನ
ಅಕ್ಕ